ಒಂಬತ್ತನೆಯ ಸಾಲು ಬರೆದವರಿಗೆ

ಬೇಗೆ ಮೂವತ್ತನಾಲ್ಕು, ಎರಡು ಸಾವಿರದ ನೂರ ಮೂವತ್ತೇಳು
ಹಗಲ್ಮನೆ, ಘಟಪ್ರಭೆಯ ಹಿನ್ನೀರಿನ ದಂಡೆ

ನಮ್ಮ ಹಗಲ್ಮನೆಯನ್ನು ಮೊದಲು ತೆರೆದ ಹಿರಿಯರಿಗೆ,

ಮೇಲಿನ ತಾರೀಖು ನೋಡಿ, ಬರೆದವಳಿಗೆ ತಲೆ ಸರಿಯಿಲ್ಲ ಎಂದುಕೊಳ್ಳಬೇಡಿ. ನಿಮ್ಮ ಕಾಲದಲ್ಲಿ ಯಾವ ತಿಂಗಳೂ ಮೂವತ್ತೊಂದು ದಾಟುತ್ತಿರಲಿಲ್ಲವೆಂದು ಬಲ್ಲೆ. ನಮ್ಮಲ್ಲಿ ಮಾರ್ಚ್ ಕೊನೆಯಿಂದ ಜೂನ್ ನಡುವಿನವರೆಗಿನ ದಿನಗಳನ್ನು ಸೇರಿಸಿ ಒಂದೇ ತಿಂಗಳು ಮಾಡಿ ಬೇಗೆ ಎಂದು ಹೆಸರಿಟ್ಟಿದ್ದಾರೆ. ಆಗ ಶಾಲೆ, ಕಚೇರಿ, ಸಂತೆ ಎಲ್ಲವೂ ಬೆಳಗ್ಗೆ ಹತ್ತಕ್ಕೆ ಮುಚ್ಚಿ ಸಂಜೆ ಐದೂವರೆಗೆ ತೆರೆಯುತ್ತವೆ. ನಡುವಿನ ಹೊತ್ತಿನಲ್ಲಿ ಬೀದಿಯಲ್ಲಿ ನಾಯಿಯೂ ಕಾಣುವುದಿಲ್ಲ. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಹೊಸ ಶಬ್ದ ಬಂದಲ್ಲಿ ಅಲ್ಲೇ ಅರ್ಥ ಹೇಳುತ್ತಾ ಹೋಗುತ್ತೇನೆ.

ಹಗಲ್ಮನೆ ತೆರೆದ ದಿನದಂದು ಪ್ರತಿವರ್ಷ ನಮ್ಮಲ್ಲೊಬ್ಬರು ನಿಮಗೆ ಹಿನ್ನೋಲೆ ಬರೆಯುವುದು ರೂಢಿ. ಹಿನ್ನೋಲೆ ಎಂದರೆ ಹಿಂದಿನವರಿಗೆ ಬರೆಯುವ ಪತ್ರ. ಬರೆದದ್ದನ್ನು ಒಂದು ತೇಗದ ಪೆಟ್ಟಿಗೆಯಲ್ಲಿ ಇಡುತ್ತಾರೆ. ಆ ಪೆಟ್ಟಿಗೆಯಲ್ಲಿರುವ ಪತ್ರಗಳನ್ನೆಲ್ಲ ನಾನು ಓದಿದ್ದೇನೆ. ಒಂದರಲ್ಲೂ ವಂದನೆಯ ಹೊರತು ಬೇರೇನೂ ಇಲ್ಲ. ಇಷ್ಟು ವರ್ಷ ಇಷ್ಟು ಮುದುಕ ಮುದುಕಿಯರು ಒಂದೆಡೆ ಕೂತು ಒಬ್ಬರೂ ಒಂದು ದೂರು ಹೇಳಲಿಲ್ಲವೆಂದರೆ ನಾನು ನಂಬುವುದಿಲ್ಲ. ಯಾರೋ ಮೊದಲು ಓದಿ, ಬೇಕಾದ್ದನ್ನು ಇಟ್ಟು ಬೇಡದ್ದನ್ನು ತೆಗೆಯುತ್ತಿದ್ದಾರೆ. ಹಾಗೆ ಮಾಡುವವಳು ನಮ್ಮ ಮೇಲ್ವಿಚಾರಕಿ ಕಸ್ತೂರಿಯೇ ಆಗಿದ್ದರೆ, ಕಸ್ತೂರಿ, ಓದು ತಾಯಿ. ಆದರೆ ಪೂರ್ತಿ ಓದು.

ನನ್ನ ಹೆಸರು ಇಂದುಮತಿ ಹಲಗಲಿ. ವಯಸ್ಸು ಎಪ್ಪತ್ತೇಳು. ಮೂವತ್ತಾರು ವರ್ಷ ತೂಕ-ಅಳತೆ ತಪಾಸಣೆಯ ಕೆಲಸ ಮಾಡಿದವಳು. ತಕ್ಕಡಿ ಹೋಗಿ ಯಂತ್ರ ಬಂತು, ಯಂತ್ರ ಹೋಗಿ ಬೆಳಕಿನಿಂದ ತೂಗುವ ಹಲಗೆ ಬಂತು. ತೂಗುವವರ ಕೈಚಳಕ ಮಾತ್ರ ಹಾಗೇ ಉಳಿಯಿತು. ಮನುಷ್ಯನ ಮುಖ ನೋಡಿಯೇ ಅವನ ಹಲಗೆ ಸುಳ್ಳು ಹೇಳುತ್ತದೋ ಇಲ್ಲವೋ ಎಂದು ಹೇಳಬಲ್ಲೆನೆಂಬ ಹೆಮ್ಮೆ ನನಗಿತ್ತು. ನಿವೃತ್ತಿಯಾದ ಮೇಲೂ ಆ ಕಣ್ಣು ಮುಚ್ಚಲಿಲ್ಲ. ಮಗಳು ರೇವತಿ ಚಹಾಕ್ಕೆ ಬೆಲ್ಲ ಹಾಕಿದರೂ ಎಷ್ಟು ಚಮಚ ಎಂದು ನೋಡುವವಳು ನಾನು.

ಹಗಲ್ಮನೆಯಲ್ಲಿ ದಿನ ಹೇಗೆ ಕಳೆಯುತ್ತದೆಂದು ನೀವು ತಿಳಿಯಬೇಕು, ಏಕೆಂದರೆ ಅದನ್ನು ಕಾಣಲು ನೀವಿಲ್ಲ. ಬೆಳಗ್ಗೆ ಏಳಕ್ಕೆ ಮೆಲ್ಲಗಾಡಿ ಬರುತ್ತದೆ. ಓಡಿಸುವವರಿಲ್ಲದ, ಮನುಷ್ಯ ನಡೆಯುವಷ್ಟೇ ವೇಗದಲ್ಲಿ ಸಾಗುವ ಗಾಡಿ ಅದು. ಎಂಟು ಮಂದಿ ಎದುರುಬದುರು ಕೂತು ಹೋಗುತ್ತೇವೆ. ರೇವತಿ ನೆರಳು ಇಲಾಖೆಯಲ್ಲಿದ್ದಾಳೆ. ಬೆಳಗಾಗುತ್ತಲೇ ಬೀದಿಗಳ ಮೇಲೆ ನೆರಳುಬಟ್ಟೆ ಎಳೆದು ಕಟ್ಟುವುದು ಅವರ ಕೆಲಸ. ಕೆಲವು ದಿನ ಅವಳು ಏಣಿಯ ಮೇಲೆ ನಿಂತಿರುವಾಗಲೇ ನಮ್ಮ ಗಾಡಿ ಕೆಳಗೆ ಹಾದುಹೋಗುತ್ತದೆ. ಹಗಲ್ಮನೆ ಅರ್ಧ ನೆಲದೊಳಗೆ ಇಳಿದ ಕಲ್ಲಿನ ಕಟ್ಟಡ. ನೆಲಕ್ಕೆ ಹಾಸಿದ ಪರಸಿಗಲ್ಲಿನ ಕೆಳಗೆ ಹಿನ್ನೀರಿನ ಕೊಳವೆಗಳು ಹರಿಯುವುದರಿಂದ ನಡುಹಗಲಲ್ಲೂ ಅಂಗಾಲು ತಂಪಾಗಿರುತ್ತದೆ. ಒಳಗೆ ಹೋದಕೂಡಲೇ ಕೈಗೆ ಕೈಮಣಿ ಕಟ್ಟುತ್ತಾರೆ. ಅದು ನಾಡಿ ಎಣಿಸುತ್ತದೆ, ಮೈಕಾವು ಅಳೆಯುತ್ತದೆ, ಒತ್ತಿ ಹಿಡಿದು ಹೇಳಿದ್ದನ್ನು ಬರೆದುಕೊಳ್ಳುತ್ತದೆ. ಬರೆದುಕೊಂಡದ್ದು ಹಗಲ್ಮನೆ ನಡೆಸುವ ಇಲಾಖೆಗೂ ಕೇಳಿಸುತ್ತದೆ ಎಂಬುದು ನಮಗೆಲ್ಲ ಗೊತ್ತು. ಎಂಟಕ್ಕೆ ಜೋಳದ ಅಂಬಲಿ. ಆಮೇಲೆ ಚೌಕಾಬಾರ ಆಡುವವರು ಆಡುತ್ತಾರೆ, ಹಾಡುವವರು ಹಾಡುತ್ತಾರೆ, ಮೊಣಕಾಲಿನವರು ಬಿಸಿನೀರಲ್ಲಿ ಕಾಲಿಟ್ಟು ಕೂರುತ್ತಾರೆ. ರೊಟ್ಟಿಯನ್ನು ನಾವೇ ಬಡಿಯುತ್ತೇವೆ. ಯಂತ್ರ ಬಡಿದ ರೊಟ್ಟಿ ಕೊಡಲು ಇಲಾಖೆ ಎರಡು ಸಲ ಪ್ರಯತ್ನಿಸಿತು, ಎರಡು ಸಲವೂ ನಾವು ಮುಟ್ಟಲಿಲ್ಲ. ಊಟದ ನಂತರ ಒಂದು ನಿದ್ದೆ, ಎದ್ದ ಮೇಲೆ ಜಗಳ, ಜಗಳದ ನಂತರ ಚಹಾ. ಸಂಜೆ ಆರಕ್ಕೆ ಮನೆ.

ಜುಲೇಖಾಬಿ ನನ್ನ ಪಕ್ಕದಲ್ಲಿ ಕೂರುವವಳು. ಹಿನ್ನೀರಿನಲ್ಲಿ ಮೂವತ್ತು ವರ್ಷ ಲಾಂಚು ನಡೆಸಿದವಳು. ಯಾವ ಊರು ಎಲ್ಲಿ ಮುಳುಗಿದೆ, ಯಾವ ಮಸೀದಿಯ ಗುಮ್ಮಟ, ಯಾವ ಗುಡಿಯ ಕಳಸ ಎಷ್ಟು ಅಡಿ ಕೆಳಗಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದಳು. ದೊಡ್ಡ ದನಿ, ಅಗಲ ಕೈ. ಮದುವೆಯಾಗಿರಲಿಲ್ಲ, ತಮ್ಮನ ಮಗನ ಮನೆಯಲ್ಲಿದ್ದಳು. ನಾನು ಹಗಲ್ಮನೆಗೆ ಬಂದ ಮೊದಲ ದಿನ ಬಾಗಿಲಲ್ಲೇ ನಿಂತಿದ್ದೆ. ಗಂಡ ತೀರಿಕೊಂಡು ನಲವತ್ತು ದಿನವಾಗಿತ್ತು, ಯಾರ ಹತ್ತಿರವೂ ಮಾತು ಬೇಕಿರಲಿಲ್ಲ. ಅವಳು ಒಳಗಿನಿಂದಲೇ ಕೂಗಿದಳು: "ಏ, ಬಾಗಲಾಗ ನಿಂತ್ರ ಗಾಳಿ ಹೆಂಗ ಬರಬೇಕ? ಒಳಗರ ಬಾ, ಹೊರಗರ ಹೋಗು." ಒಳಗೆ ಹೋದೆ. ಆರು ವರ್ಷವಾಯಿತು.

ಹೋದ ಶ್ರಾವಣದಲ್ಲಿ ಅವಳು ನನ್ನನ್ನು "ರಮಿಜಾ" ಎಂದು ಕರೆದಳು. ರಮಿಜಾ ಅವಳ ತೀರಿಹೋದ ಅಕ್ಕ. ಬಾಯಿತಪ್ಪಿ ಬಂದಿತೆಂದುಕೊಂಡೆ. ಆಮೇಲೆ ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದಳು. ಆಮೇಲೆ ಚಪ್ಪಲಿ ಬಿಟ್ಟ ಜಾಗ ತಿಳಿಯದೆ ಬರಿಗಾಲಲ್ಲಿ ಅಂಗಳಕ್ಕೆ ಇಳಿಯಹೊರಟಳು. ಬಿಸಿಲಿಗೆ ಕಾದ ಆ ಕಲ್ಲಿನ ಮೇಲೆ ಮೂರು ಹೆಜ್ಜೆ ಇಟ್ಟರೆ ಅಂಗಾಲು ಬೊಬ್ಬೆ ಏಳುತ್ತದೆ. ಕೈಹಿಡಿದು ಎಳೆದೆ. "ಇಂದೂ, ನನಗ ಏನೋ ಆಗಾಕತ್ತೈತಿ. ಯಾರಿಗೂ ಹೇಳಬ್ಯಾಡ," ಎಂದಳು. ಹೇಳುವುದಿಲ್ಲ ಎಂದೆ.

ಹೇಳದಿರಲು ಕಾರಣ ನೀವು. ಬೇಸರ ಮಾಡಿಕೊಳ್ಳಬೇಡಿ, ಇದ್ದದ್ದನ್ನೇ ಹೇಳುತ್ತಿದ್ದೇನೆ. ನಮ್ಮ ಪಡಸಾಲೆಯ ಗೋಡೆಯ ಮೇಲೆ ನೀವು ಬರೆದ ನಿಯಮಗಳ ಫಲಕವಿದೆ. ಹನ್ನೆರಡು ಸಾಲು. ಒಂಬತ್ತನೆಯದು ಹೀಗಿದೆ: "ತಮ್ಮ ಅರಿವಿನಲ್ಲಿ ತಾವಿರುವ ಹಿರಿಯರಿಗೆ ಮಾತ್ರ ಇಲ್ಲಿ ಪ್ರವೇಶ." ಬರೆಯುವಾಗ ನಿಮ್ಮ ಮನಸ್ಸಿನಲ್ಲಿ ಏನಿತ್ತೋ ತಿಳಿಯದು. ನೋಡಿಕೊಳ್ಳಲು ಜನ ಸಾಲುವುದಿಲ್ಲ ಎಂದಿರಬಹುದು. ನಿಮ್ಮ ನಂತರದವರು ಆ ಒಂದು ಸಾಲಿನ ಮೇಲೆ ಇಡೀ ಒಂದು ಪದ್ಧತಿ ಕಟ್ಟಿದರು. ಮೂರು ತಿಂಗಳಿಗೊಮ್ಮೆ ಇಲಾಖೆಯವರು ಬಂದು ನೆನಪಿನ ಎಣಿಕೆ ಮಾಡುತ್ತಾರೆ. ಇಂದು ಯಾವ ದಿನ, ಎದುರಿಗೆ ಇಟ್ಟ ಐದು ವಸ್ತು ಯಾವುವು, ಗಡಿಯಾರದ ಚಿತ್ರ ಬರೆಯಿರಿ, ಹೀಗೆ. ತಪ್ಪಿದವರನ್ನು ಇರುಳ್ಮನೆಗೆ ಕಳಿಸುತ್ತಾರೆ. ಅದು ಅರವತ್ತು ಕಿಲೋಮೀಟರು ದೂರ, ಗುಡ್ಡದ ಮೇಲೆ. ಅಲ್ಲಿ ಒಳ್ಳೆಯ ಹಾಸಿಗೆ, ಒಳ್ಳೆಯ ಊಟ ಇವೆಯಂತೆ. ಅಲ್ಲಿಂದ ತಿರುಗಿ ಬಂದವರನ್ನು ನಾನು ನೋಡಿರಲಿಲ್ಲ.

ದಸರೆ ಮುಗಿದ ವಾರ ಪಾಯಪ್ಪ ಚೌಗಲೆ ಎಂಬವರು ಹೊಸದಾಗಿ ಬಂದರು. ಎಪ್ಪತ್ತರ ಆಸುಪಾಸು, ಬಿಳಿ ಟೊಪ್ಪಿಗೆ, ತೆಳ್ಳಗಿನ ಬೆರಳು. ಯಾವ ಆಟಕ್ಕೂ ಕೂರಲಿಲ್ಲ, ಯಾವ ಜಗಳಕ್ಕೂ ಬರಲಿಲ್ಲ. ಕಂಬಕ್ಕೆ ಒರಗಿ ಕೂತು ಒಂದು ಪುಟ್ಟ ವಹಿಯಲ್ಲಿ ಪೆನ್ಸಿಲ್ಲಿನಿಂದ ಬರೆಯುತ್ತಿದ್ದರು. ನಮ್ಮ ಕಾಲದಲ್ಲಿ ಕೈಯಿಂದ ಬರೆಯುವವರು ಕಡಿಮೆ, ಕೈಮಣಿಗೆ ಹೇಳಿದರೆ ಆಯಿತು. ಕೈಮಣಿಗೆ ಹೇಳದೆ ಬರೆಯುವವನು ಏನೋ ಮುಚ್ಚಿಡುತ್ತಿದ್ದಾನೆ ಎಂದು ಮೊದಲ ದಿನವೇ ಲೆಕ್ಕ ಹಾಕಿದೆ. ಎರಡನೆಯ ವಾರದಲ್ಲಿ ಇನ್ನೊಂದು ಕಂಡೆ. ಬರೆಯುವ ಮುಂಚೆ ಅವರ ಕಣ್ಣು ಪ್ರತಿಸಲ ಜುಲೇಖಾಬಿಯ ಮೇಲೆ ಹೋಗುತ್ತಿತ್ತು.

ಒಂದು ದಿನ ಅಂಬಲಿ ಹಿಡಿದು ಪಕ್ಕದಲ್ಲಿ ಕೂತೆ. "ಏನ್ ಕೆಲಸ ಮಾಡ್ತಿದ್ರಿ ಅಣ್ಣಾರ?" ಎಂದೆ.

"ಗೋಕಾಕದಾಗ ಕರದಂಟಿನ ಭಟ್ಟಿ ಇತ್ರೀ ಅಕ್ಕಾರ."

"ಹೌದಾ? ಬೆಲ್ಲದ ಪಾಕ ಬಂತೋ ಇಲ್ಲೋ ಅಂತ ಹೆಂಗ ನೋಡ್ತಿದ್ರಿ?"

ಅವರು ವಹಿ ಮುಚ್ಚಿ ತೊಡೆಯ ಮೇಲಿಟ್ಟರು. "ಅದಕ್ಕ ಯಂತ್ರ ಇತ್ರಿ," ಎಂದರು.

ನಾನು ಗೋಕಾಕದಲ್ಲಿ ಹನ್ನೊಂದು ವರ್ಷ ತಪಾಸಣೆ ಮಾಡಿದವಳು. ಎಷ್ಟೇ ಯಂತ್ರ ಬಂದರೂ ಕರದಂಟು ಮಾಡುವವರು ಪಾಕವನ್ನು ನೀರಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಒತ್ತಿಯೇ ನೋಡುತ್ತಾರೆ. ಈ ಮನುಷ್ಯ ಸುಳ್ಳು ಹೇಳುತ್ತಿದ್ದಾರೆ ಎಂಬುದು ಖಾತ್ರಿಯಾಯಿತು. ಅದೇ ಮಧ್ಯಾಹ್ನ ಅವರು ಕಸ್ತೂರಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಕೂತದ್ದನ್ನೂ ನೋಡಿದೆ. ಇನ್ನೇನು ಬೇಕು? ಇಲಾಖೆಯವರು ಕಳಿಸಿದ ಮನುಷ್ಯ, ಯಾರ ನೆನಪು ಜಾರುತ್ತಿದೆ ಎಂದು ಒಳಗಿನಿಂದ ನೋಡಿ ಹೇಳಲು ಬಂದವನು ಎಂದು ತೀರ್ಮಾನಿಸಿದೆ.

ಒಬ್ಬೊಬ್ಬರ ಕಿವಿಯಲ್ಲಿ ಹೇಳಿದೆ. ಮುದುಕರ ನಡುವೆ ಅನುಮಾನ ಹಬ್ಬಲು ಒಂದು ಹೊತ್ತಿನ ಊಟ ಸಾಕು. ಯಾರೂ ಅವರ ಪಂಕ್ತಿಯಲ್ಲಿ ಕೂರಲಿಲ್ಲ. ಉಪ್ಪಿನಕಾಯಿ ಅವರ ಮುಂದೆ ನಿಲ್ಲದೆ ದಾಟಿಹೋಗುತ್ತಿತ್ತು. ಗಾಡಿಯಲ್ಲಿ ಅವರು ಹತ್ತಿದರೆ ಮಾತು ನಿಲ್ಲುತ್ತಿತ್ತು. ಅವರು ಯಾವತ್ತೂ ಏಕೆ ಎಂದು ಕೇಳಲಿಲ್ಲ, ಅದೂ ನನ್ನ ಲೆಕ್ಕದಲ್ಲಿ ಅವರ ವಿರುದ್ಧವೇ ಸೇರಿತು. ತಪ್ಪಿಲ್ಲದವನಾದರೆ ಕೇಳುತ್ತಿರಲಿಲ್ಲವೇ? ಜುಲೇಖಾಬಿ ಒಬ್ಬಳೇ ಅವರಿಗೆ ರೊಟ್ಟಿ ಹಾಕುತ್ತಿದ್ದಳು. ಬೇಡ ಎಂದು ನಾನು ಹೇಳಿದ್ದು ಅವಳಿಗೆ ನೆನಪಿರುತ್ತಿರಲಿಲ್ಲ.

ಈ ನಡುವೆ ಅವಳನ್ನು ಎಣಿಕೆಗೆ ಸಿದ್ಧಮಾಡುವ ಕೆಲಸವೂ ನಡೆದಿತ್ತು. ಕಾರ್ತಿಕದ ಎಣಿಕೆಯಲ್ಲಿ ನಾನು ಮೊದಲು ಒಳಗೆ ಹೋಗಿ ಐದು ವಸ್ತು ನೋಡಿಕೊಂಡು ಬಂದು ಅವಳಿಗೆ ಹೇಳಿದ್ದೆ: ಕೀಲಿ, ಬಾಚಣಿಕೆ, ನಿಂಬೆಹಣ್ಣು, ಗಂಟೆ, ಚಮಚ. ಹಾಡಿನಂತೆ ಕಲಿಸಿದ್ದೆ, ಪಾಸಾದಳು. ಪ್ರತಿ ಬೆಳಗ್ಗೆ ಗಾಡಿಯಲ್ಲಿ ದಿನ, ತಾರೀಖು ಹೇಳಿಸುತ್ತಿದ್ದೆ. ಉಪ್ಪು ಹೆಚ್ಚಾದ ಪಲ್ಯದ ಬೋಗುಣಿ ಬದಲಾಯಿಸುತ್ತಿದ್ದೆ. ಚಪ್ಪಲಿಯನ್ನು ಅವಳ ಕಾಲಬುಡದಲ್ಲೇ ಇಡುತ್ತಿದ್ದೆ. ಅವಳು ಮಾತಿನ ನಡುವೆ ನಿಂತರೆ ಉಳಿದದ್ದನ್ನು ನಾನು ಹೇಳುತ್ತಿದ್ದೆ. ನಾವಿಬ್ಬರೂ ಸೇರಿ ಒಬ್ಬ ಗಟ್ಟಿ ಹೆಂಗಸಿನಷ್ಟು ನೆನಪು ಇಟ್ಟುಕೊಂಡಿದ್ದೆವು.

ಮುಂದಿನ ಎಣಿಕೆಗೆ ಮೂರು ದಿನವಿದ್ದಾಗ, ಊಟದ ನಂತರ ಎಲ್ಲರೂ ಮಲಗಿದ್ದರು. ಪಾಯಪ್ಪನವರ ವಹಿ ದಿಂಬಿನ ಪಕ್ಕದಲ್ಲಿತ್ತು. ತೆಗೆದುಕೊಂಡು ಹಿನ್ನೀರಿಗೆ ಇಳಿಯುವ ಮೆಟ್ಟಿಲ ಹತ್ತಿರ, ಕಮಾನಿನ ನೆರಳಲ್ಲಿ ನಿಂತು ತೆರೆದೆ. ಎಡಪುಟದಲ್ಲಿ ಜುಲೇಖಾಬಿಯ ತಪ್ಪುಗಳೆಲ್ಲ ತಾರೀಖು, ಹೊತ್ತು ಸಮೇತ ಇದ್ದವು. "ಉಪ್ಪು ಎರಡು ಸಲ." "ಚಪ್ಪಲಿ ಮರೆತರು." "ತಮ್ಮನ ಮಗನ ಹೆಸರು ಬರಲಿಲ್ಲ." ಬಲಪುಟದಲ್ಲಿ ನನ್ನ ಹೆಸರಿತ್ತು. "ಇಂದುಮತಿಬಾಯಿ ಬೋಗುಣಿ ಬದಲಾಯಿಸಿದರು." "ಇಂದುಮತಿಬಾಯಿ ಹೆಸರು ಹೇಳಿಕೊಟ್ಟರು." ಅವಳ ಮೇಲೆ ಮಾತ್ರವಲ್ಲ, ಮುಚ್ಚಿಟ್ಟ ನನ್ನ ಮೇಲೂ ದೂರು. ಮುಂದಿನ ಹಾಳೆ ತಿರುವಲಿಲ್ಲ. ವಹಿಗೆ ಒಂದು ಕಲ್ಲು ಕಟ್ಟಿ ನೀರಿಗೆ ಎಸೆದೆ.

ಮೂವತ್ತಾರು ವರ್ಷದಲ್ಲಿ ನಾನು ಯಾವ ಅಂಗಡಿಗೂ ಅಂಗಡಿಯವನ ಮಾತು ಕೇಳದೆ ಸೀಲು ಹಾಕಿರಲಿಲ್ಲ. ಅವತ್ತು ಅದು ನೆನಪಾಗಲಿಲ್ಲ.

ಎದ್ದ ಮೇಲೆ ಪಾಯಪ್ಪನವರು ಹಾಸಿಗೆ ಕೊಡವಿದರು, ಕಂಬದ ಸುತ್ತ ಹುಡುಕಿದರು, ಕಸದ ಬುಟ್ಟಿಯನ್ನೂ ನೋಡಿದರು. ಸಂಜೆಯ ಹೊತ್ತಿಗೆ ಮುಖ ಬೂದಿಯಾಗಿತ್ತು. ನಾನು ಚೌಕಾಬಾರ ಆಡುತ್ತಾ ನೋಡಿದೆ. ಗೆದ್ದೆ ಎನಿಸಿತು.

ಎಣಿಕೆಯ ದಿನ ಇಲಾಖೆಯ ಇಬ್ಬರು ಬಂದರು. ಈ ಸಲ ಮೊದಲು ಜುಲೇಖಾಬಿಯನ್ನೇ ಕರೆದರು. ನಾನು ಬಾಗಿಲ ಹೊರಗೆ ಕೂತೆ, ಒಳಗಿನ ಮಾತು ಕೇಳಿಸುತ್ತಿತ್ತು. ತಾರೀಖು ಸರಿ ಹೇಳಿದಳು. ಐದು ವಸ್ತು ತೋರಿಸಿ, ಮುಚ್ಚಿ, ಯಾವುವೆಂದು ಕೇಳಿದರು. ಅವಳ ದೊಡ್ಡ ದನಿ ನಿಂತು ನಿಂತು ಬಂತು: "ಕೀಲಿ. ಬಾಚಣಿಕಿ. ನಿಂಬಿಹಣ್ಣ. ಗಂಟಿ. ಚಮಚ."

ಹಾಳೆ ತಿರುವಿದ ಸದ್ದಾಯಿತು. ಆಮೇಲೆ ಒಬ್ಬನ ದನಿ: "ಅಜ್ಜಿ, ಇವು ಹೋದ ಸಲದವು ಅಲ್ಲೇನ್ರಿ? ಯಾರ ಕಲಿಸ್ಯಾರ ನಿಮಗ?"

"ಇಂದೂ," ಎಂದಳು. ಹೆಮ್ಮೆಯಿಂದ ಹೇಳಿದಳು.

ಮಂಗಳವಾರ ಬೆಳಗ್ಗೆ ಬೇರೊಂದು ಗಾಡಿ ಬಂತು. ತಮ್ಮನ ಮಗ ಸಹಿ ಮಾಡಿದ್ದ. ಅವನನ್ನು ಬಯ್ಯಲಾರೆ, ಅವನಿಗೆ ಬೇರೆ ದಾರಿ ಕೊಟ್ಟಿರಲಿಲ್ಲ. ಜುಲೇಖಾಬಿ ಎಲ್ಲಿಗೋ ಪ್ರವಾಸ ಹೊರಟವಳಂತೆ ಹೊಸ ಸೀರೆ ಉಟ್ಟಿದ್ದಳು. "ನೀ ಬರಂಗಿಲ್ಲೇನ?" ಎಂದು ಕೇಳಿದಳು. ಹಿಂದಿನಿಂದ ಬರುತ್ತೇನೆ ಎಂದು ಸುಳ್ಳು ಹೇಳಿದೆ. ಗಾಡಿ ತಿರುವು ದಾಟಿತು. ಒಳಗೆ ಬಂದು ಕೂತರೆ ಪಕ್ಕದ ಜಾಗದಲ್ಲಿ ಪಾಯಪ್ಪನವರು ಬಂದು ಕೂತರು.

"ಅಕ್ಕಾರ, ಆ ವಹಿ ನಿಮ್ಮ ಹತ್ರ ಐತೇನ್ರಿ?"

"ಇಲ್ಲ."

"ನೀವು ತಗೊಂಡ್ರಿ ಅಂತ ಗೊತ್ತೈತಿ. ಸಿಟ್ಟಿಲ್ಲ. ಇನ್ನೂ ಇದ್ರ ಕೊಡ್ರಿ. ಮುಂದಿನ ಸೋಮವಾರ ಹಗಲ್ಮನಿ ನಿಯಮ ತಿದ್ದೂ ಸಮಿತಿ ಕೂಡತೈತಿ."

"ನೀರಾಗ ಒಗದೀನಿ," ಎಂದೆ. "ಆಕಿನ್ನ ಕಳಿಸಿದ್ದಾತಲ್ಲ, ಇನ್ನ ಯಾರ ಮ್ಯಾಲ ದೂರು ಕೊಡಬೇಕು? ನನ್ನ ಮ್ಯಾಲ?"

ಅವರು ಕಣ್ಣು ಮುಚ್ಚಿಕೊಂಡರು. ದನಿ ಏರಿಸದೆ ಮಾತಾಡಿದರು. "ಕರದಂಟಿನ ಭಟ್ಟಿ ಸುಳ್ಳು ಖರೇನ. ಆ ಐದು ವಸ್ತುವಿನ ಪ್ರಶ್ನಿ ಬರದವರಾಗ ನಾನೂ ಒಬ್ಬಾಂವ. ಡಾಕ್ಟರ್ ಇದ್ದೆ. ಇಲ್ಲಿ ಹೇಳಿದ್ರ ಯಾರರ ನನ್ನ ಒಳಗ ಬಿಡ್ತಿದ್ರೇನ್ರಿ? ನನ್ನ ಹೆಂಡ್ತಿ ಪದ್ಮಾವತಿನೂ ಒಂದು ಹಗಲ್ಮನಿಗೆ ಹೋಗ್ತಿದ್ಲು, ನಮ್ಮೂರಾಗ. ನಾನು ಬರದ ಪ್ರಶ್ನಿಗೇ ತಪ್ಪಿದ್ಲು. ಇರುಳ್ಮನ್ಯಾಗ ಆಕಿಗೆ ಏನೂ ಕಡಿಮಿ ಇರಲಿಲ್ಲ. ಮೂರು ತಿಂಗಳು ಬದುಕಿದ್ಲು."

ಅವರು ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

"ಎಡಕ್ಕ ಬರದದ್ದು ಜುಲೇಖಾಬಾಯಾರು ಮರತದ್ದು. ಬಲಕ್ಕ ಬರದದ್ದು, ಆ ಮರವಿಗೆ ಪಕ್ಕದವರು ಏನ್ ಮಾಡಿದ್ರು ಅನ್ನೂದು. ಹದಿನೆಂಟು ವಾರದಾಗ ಆಕಿ ಒಮ್ಮೆರ ಬಿದ್ದಿಲ್ಲ, ಹಸದಿಲ್ಲ, ಅತ್ತಿಲ್ಲ. ಮರತವರು ಇಲ್ಲೇ ಇರಬಹುದು, ಗೆಳ್ಯಾರ ನಡುವ ಇರಬಹುದು ಅಂತ ತೋರಸಾಕ ಅದೊಂದ ಇತ್ರಿ ನನ್ನ ಕಡೆ. ಕೈಮಣಿಗೆ ಹೇಳಿದ್ರ ಇಲಾಖೆ ಮೊದಲ ತಿಳಕೊಂಡು ತಡೀತಿತ್ತು, ಅದಕ್ಕ ಕೈಲೆ ಬರದೆ. ಕಸ್ತೂರಿಗೆ ಮಾತ್ರ ಹೇಳಿದ್ದೆ."

ಕೈಮಣಿಯಿಂದ ಮುಚ್ಚಿಡುವವನು ಇಲಾಖೆಯಿಂದ ಮುಚ್ಚಿಡುತ್ತಿದ್ದಾನೆ. ಇಷ್ಟು ಸರಳ ಲೆಕ್ಕ ನನಗೆ ಹೊಳೆದಿರಲಿಲ್ಲ.

"ನನಗ ಯಾಕ ಹೇಳಲಿಲ್ರಿ?" ಎಂದೆ. ಕೇಳುವ ಹಕ್ಕು ನನಗಿರಲಿಲ್ಲ, ಆದರೂ ಕೇಳಿದೆ.

"ನಿಮ್ಮ ಮ್ಯಾಲ ನನಗೂ ಅನುಮಾನ ಇತ್ತು. ಆಕಿ ಸಲುವಾಗಿ ಮಾಡ್ತೀರೋ, ಆಕಿ ಹೋದ್ರ ನೀವು ಒಬ್ಬಾಕಿ ಆಗ್ತೀರಿ ಅಂತ ಮಾಡ್ತೀರೋ, ತಿಳೀಲಿಲ್ಲ."

ನಾನು ಎದ್ದು ಹೋಗಿ ಖಾಲಿ ಹಾಳೆಗಳನ್ನು ತಂದು ಅವರ ಮುಂದಿಟ್ಟೆ.

ಸೋಮವಾರದವರೆಗೆ ಇಬ್ಬರೂ ಕೂತು ಎಲ್ಲವನ್ನೂ ಮೊದಲಿನಿಂದ ಬರೆದೆವು. ಅವರಿಗೆ ನೆನಪಿದ್ದ ತಾರೀಖುಗಳು, ನನಗೆ ನೆನಪಿದ್ದ ಕೆಲಸಗಳು. ಬೋಗುಣಿ, ಚಪ್ಪಲಿ, ಹೇಳಿಕೊಟ್ಟ ಹೆಸರುಗಳು, ಕಡೆಗೆ ಎಣಿಕೆಯಲ್ಲಿ ಮಾಡಿದ ಮೋಸವೂ. ಅದನ್ನು ಬಿಡೋಣ ಎಂದು ಪಾಯಪ್ಪನವರು ಹೇಳಿದರು. ಬಿಟ್ಟರೆ ಉಳಿದದ್ದನ್ನು ಯಾರು ನಂಬುತ್ತಾರೆ ಎಂದು ನಾನೇ ಬರೆಸಿದೆ. ರೇವತಿಗೆ ತಿಳಿದು ಗಾಬರಿಯಾದಳು. "ಅವ್ವಾ, ಸಹಿ ಮಾಡಿ ಕೊಟ್ರ ನಿನ್ನೂ ಹೊರಗ ಹಾಕ್ತಾರ. ಬ್ಯಾಗಿ ತಿಂಗಳ ಬಂತು. ಹಗಲೆಲ್ಲ ಮನ್ಯಾಗ ಹೆಂಗ ಇರ್ತಿ? ನಾ ಕೆಲಸಕ್ಕ ಹೋಗಾಕಬೇಕು."

"ಒದ್ದಿ ಬಟ್ಟಿ ಹೊದ್ದು ಇರ್ತೀನಿ," ಎಂದೆ.

ಸಮಿತಿಯವರು ಕಾಗದ ಓದಿ ಮೊದಲು ಮಾಡಿದ ಕೆಲಸ ನನ್ನನ್ನು ಮೂವತ್ತು ದಿನ ಹೊರಗಿಟ್ಟದ್ದು. ಅದು ನ್ಯಾಯವೇ. ಆ ದಿನಗಳನ್ನು ನಮ್ಮ ಮನೆಯ ಬಚ್ಚಲಲ್ಲಿ, ಒದ್ದೆ ಸೀರೆಯ ಕೆಳಗೆ ಕಳೆದೆ. ಬೆವರು ಹೇಗೋ ತಡೆಯಬಹುದು. ಹತ್ತು ಗಂಟೆಗೆ ಬೀದಿ ನಿಶ್ಶಬ್ದವಾದ ಮೇಲೆ ಸಂಜೆಯವರೆಗೆ ಯಾರೂ ನನ್ನ ಹೆಸರು ಹೇಳುತ್ತಿರಲಿಲ್ಲ. ಹನ್ನೆರಡನೆಯ ದಿನ, ನಾನು ಊಟ ಮಾಡಿದೆನೋ ಇಲ್ಲವೋ ಎಂದು ತಿಳಿಯದೆ ತಟ್ಟೆ ಮುಟ್ಟಿ ನೋಡಿದೆ. ಹದಿನಾರನೆಯ ದಿನ ಮೇಲಿನ ಮಾಳಿಗೆಯಲ್ಲಿ ಯಾರೋ ನಡೆಯುತ್ತಿದ್ದಾರೆ ಎನಿಸಿ ಬಾಗಿಲಿಗೆ ಅಡ್ಡ ಮಂಚ ಎಳೆದೆ. ಮೇಲೆ ಮಾಳಿಗೆಯೇ ಇರಲಿಲ್ಲ. ನನ್ನ ಅನುಮಾನಕ್ಕೆ ಜಗಳವಾಡಲು ಒಬ್ಬರೂ ಇಲ್ಲದಿದ್ದರೆ ಅದು ಎಲ್ಲಿಯವರೆಗೆ ಬೆಳೆಯುತ್ತದೆಂದು ಅಲ್ಲಿ ತಿಳಿಯಿತು. ಆರು ವರ್ಷ ಹಗಲ್ಮನೆ ನನಗೆ ತಂಪು ಕೊಡುತ್ತಿದೆ ಎಂದುಕೊಂಡಿದ್ದೆ. ಅದು ನನ್ನನ್ನು ನನ್ನಿಂದ ಕಾಯುತ್ತಿತ್ತು.

ಬೇಗೆ ಇಪ್ಪತ್ತರಂದು ಸಮಿತಿ ತೀರ್ಮಾನ ಹೇಳಿತು. ಕಸ್ತೂರಿ ಸಮಿತಿಯ ಮುಂದೆ ಎರಡು ಗಂಟೆ ಮಾತಾಡಿದ್ದಳಂತೆ. "ಬೋಗುಣಿ ಬದಲಾಗೂದು ನನಗ ಮೊದಲಿಂದ ಗೊತ್ತಿತ್ತು ಆಯಿ," ಎಂದು ನಾನು ತಿರುಗಿ ಹೋದ ದಿನ ಹೇಳಿದಳು. "ನೀವು ನನ್ನ ನೋಡಿದ ಕೂಡ್ಲೆ ಮಾರಿ ತಿರುವತಿದ್ರಿ. ಹೆಂಗ ಹೇಳ್ಲಿ?" ಒಂದು ವರ್ಷದ ಮಟ್ಟಿಗೆ, ಪರೀಕ್ಷೆಗಾಗಿ ಮಾತ್ರ, ಇರುಳ್ಮನೆಯಿಂದ ವಾರಕ್ಕೆ ಮೂರು ದಿನ ಐದು ಮಂದಿಯನ್ನು ಇಲ್ಲಿಗೆ ಕರೆತರಲು ಒಪ್ಪಿದ್ದಾರೆ. ಬರುವ ಪ್ರತಿಯೊಬ್ಬರ ಪಕ್ಕದಲ್ಲಿ ಕೂರಲು ಇಲ್ಲಿಯವರೊಬ್ಬರು ಹೆಸರು ಕೊಡಬೇಕು. ಒಂದು ವರ್ಷದ ಮೇಲೆ ಏನು ಎಂದು ಕೇಳಿದೆ. ನೋಡೋಣ ಎಂದರು. ನೋಡೋಣ ಎನ್ನುವವರನ್ನು ನಾನು ಕೆಲಸದಲ್ಲಿದ್ದಾಗ ಬಹಳ ನೋಡಿದ್ದೇನೆ.

ಜುಲೇಖಾಬಿ ಬೇಗೆ ಇಪ್ಪತ್ತಮೂರರಂದು ಬಂದಳು. ತೂಕ ಇಳಿದಿತ್ತು, ದನಿ ಮಾತ್ರ ಹಾಗೇ ಇತ್ತು. ನಾನು ಓಡಿಹೋಗಿ ಕೈ ಹಿಡಿದೆ. ಅವಳು ಕೈ ಕಿತ್ತುಕೊಂಡು ಪಾಯಪ್ಪನವರ ಹಿಂದೆ ಸರಿದಳು. "ಈಕಿ ಯಾರ? ಯಾಕ ನನ್ನ ಮಾರಿ ಹಿಂಗ ನೋಡಾಕತ್ತಾಳ?"

"ಇಂದುಮತಿಬಾಯಾರಿ. ನಿಮ್ಮ ಗೆಳತಿ."

"ನನಗ ನಂಬಿಕಿ ಇಲ್ಲ," ಎಂದಳು.

ಇವತ್ತಿನವರೆಗೆ ಐದು ಸಲ ಬಂದಿದ್ದಾಳೆ. ಐದೂ ಸಲ ಹಾಗೇ ಆಯಿತು. ಪಾಯಪ್ಪನವರು ಕೊಟ್ಟದ್ದನ್ನು ತಿನ್ನುತ್ತಾಳೆ, ನಾನು ಕೊಟ್ಟದ್ದನ್ನು ಮೂಸಿ ನೋಡಿ ಬದಿಗಿಡುತ್ತಾಳೆ. ಚಪ್ಪಲಿಯನ್ನು ಅವಳಿಗೆ ಕಾಣದಂತೆ ತಂದಿಡುತ್ತೇನೆ, ಕಂಡರೆ ಕದಿಯಲು ಬಂದೆನೆಂದು ಕೂಗುತ್ತಾಳೆ. ಪಾಯಪ್ಪನವರು ತಮ್ಮ ಹೊಸ ವಹಿಯ ಬಲಪುಟದಲ್ಲಿ ಅದನ್ನೂ ಬರೆಯುತ್ತಾರೆ. ಪಕ್ಕದಲ್ಲಿ ಕೂರುವವರ ಹೆಸರಿನ ಜಾಗದಲ್ಲಿ ನನ್ನ ಹೆಸರೇ ಇದೆ. ತೆಗೆಯಲೇ ಎಂದು ಕಸ್ತೂರಿ ಕೇಳಿದಳು. ಬೇಡ ಎಂದೆ. ಜುಲೇಖಾಬಿ ನನ್ನನ್ನು ಅನುಮಾನಿಸಲಿ. ಅನುಮಾನಿಸಲು ಎದುರಿಗೆ ಒಬ್ಬರು ಇರುವುದು ಖಾಲಿ ಗೋಡೆಗಿಂತ ಮೇಲು, ಅದನ್ನು ನಾನು ಬಚ್ಚಲಲ್ಲಿ ಕೂತು ಕಲಿತಿದ್ದೇನೆ.

ಹಿರಿಯರೆ, ನೀವು ಒಳ್ಳೆಯ ಮನಸ್ಸಿನಿಂದ ಈ ಮನೆ ತೆರೆದಿರಿ. ಅದಕ್ಕೆ ನನ್ನ ವಂದನೆಯೂ ಇರಲಿ, ಉಳಿದವರ ಪತ್ರಗಳ ಜೊತೆ ಅದನ್ನೂ ಸೇರಿಸಿಕೊಳ್ಳಿ. ನನ್ನ ಬೇಡಿಕೆ ಒಂದೇ. ಈ ಓಲೆ ಹೇಗಾದರೂ ನಿಮ್ಮ ಕೈ ತಲುಪುವುದಾದರೆ, ನೀವು ಆ ಫಲಕದ ಮಾತುಗಳನ್ನು ಇನ್ನೂ ಹಾಳೆಯ ಮೇಲೆ ತಿದ್ದುತ್ತಾ ಕೂತಿರುವಾಗ ತಲುಪಲಿ. ಎಂಟು ಸಾಲು ಬರೆದು, ಚಹಾ ಕುಡಿದು, ಒಂಬತ್ತನೆಯದಕ್ಕೆ ಬಂದಿದ್ದೀರಿ. ಜನ ಸಾಲುವುದಿಲ್ಲ, ಜವಾಬ್ದಾರಿ ಯಾರು ಹೊರುವವರು ಎಂದು ನಿಮ್ಮಲ್ಲಿ ಯಾರೋ ಹೇಳುತ್ತಿದ್ದಾರೆ. ಹೇಳಿದ್ದು ಸುಳ್ಳೂ ಅಲ್ಲ. ಆದರೂ ದಯಮಾಡಿ ಪೆನ್ನು ಕೆಳಗಿಡಿ, ಎದ್ದು ಪಡಸಾಲೆಗೆ ಹೋಗಿ. ಅಲ್ಲಿ ಕೂತವರಲ್ಲಿ ಯಾರು ಯಾರ ಕೈ ಹಿಡಿದಿದ್ದಾರೆಂದು ಒಂದು ಹಗಲು ಪೂರ್ತಿ ನೋಡಿ. ಆಮೇಲೂ ಬರೆಯಬೇಕೆನಿಸಿದರೆ ಬರೆಯಿರಿ.

ನಿಮ್ಮ ಮನೆಯ ಋಣದಲ್ಲಿರುವ,
ಇಂದುಮತಿ ಹಲಗಲಿ